ಅರಿವಿಗೆ ಬಾರದ ಕ್ಯಾಮೆರಾ: ಗುಪ್ತ ಛಾಯಾಗ್ರಹಣದ ಇತಿಹಾಸ ಮತ್ತು ಸಮ್ಮತಿಯ ಪ್ರಶ್ನೆ

ಪೀಠಿಕೆ

1838ರಲ್ಲಿ ಲೂಯಿ ದಾಗೇರ್ ಅವರು ಪ್ಯಾರಿಸ್ ನಗರದ ಬುಲವಾರ್ ದ್ಯು ತಾಂಪ್ಲ್ ಎಂಬ ಬೀದಿಯನ್ನು ಎತ್ತರದ ಕಿಟಕಿಯೊಂದರಿಂದ ಬೆಳ್ಳಿಲೇಪಿತ ಫಲಕದ ಮೇಲೆ ಸೆರೆಹಿಡಿದರು. ಬಿಂಬ ಮೂಡಲು ಹಲವು ನಿಮಿಷಗಳು ಬೇಕಾಗಿದ್ದುದರಿಂದ ಬೀದಿಯಲ್ಲಿ ಚಲಿಸುತ್ತಿದ್ದ ಜನರಾಗಲಿ ಬಂಡಿಗಳಾಗಲಿ ಫಲಕದಲ್ಲಿ ಉಳಿಯಲಿಲ್ಲ. ಬೂಟು ಉಜ್ಜಿಸಿಕೊಳ್ಳಲು ಒಂದು ಕಾಲನ್ನು ಮುಂದಿಟ್ಟು ಕದಲದೆ ನಿಂತಿದ್ದ ಒಬ್ಬ ವ್ಯಕ್ತಿಯ ಆಕೃತಿ ಮಾತ್ರ ಸ್ಪಷ್ಟವಾಗಿ ಉಳಿಯಿತು. ಅವನ ಮುಂದೆ ಕುಳಿತು ಕೆಲಸ ಮಾಡುತ್ತಿದ್ದವನ ರೂಪ ಮಸುಕಾಗಿ ಕಾಣುತ್ತದೆ. ಮನುಷ್ಯಾಕೃತಿ ಇರುವ ಅತ್ಯಂತ ಹಳೆಯ ಛಾಯಾಚಿತ್ರಗಳಲ್ಲಿ ಇದೂ ಒಂದು. ಆ ಇಬ್ಬರ ಹೆಸರು ಇತಿಹಾಸಕ್ಕೆ ತಿಳಿದಿಲ್ಲ. ಛಾಯಾಗ್ರಹಣ ಎಂಬ ವಿದ್ಯೆಯೇ ಇನ್ನೂ ಲೋಕಕ್ಕೆ ಪ್ರಕಟವಾಗದಿದ್ದ ಆ ಕಾಲದಲ್ಲಿ ತಮ್ಮ ಚಿತ್ರ ಮೂಡುತ್ತಿದೆಯೆಂಬ ಅರಿವು ಅವರಿಗೆ ಇದ್ದಿರಲು ಸಾಧ್ಯವಿಲ್ಲ. ಹೀಗೆ ಅರಿವಿಲ್ಲದವರ ಚಿತ್ರ ಎಂಬುದು ಛಾಯಾಗ್ರಹಣದ ಆರಂಭದಿಂದಲೇ ಅದರ ಜೊತೆಗಿದೆ.

ಆದರೆ ಇದೊಂದು ಸಾಮಾಜಿಕ ಮತ್ತು ನೈತಿಕ ಪ್ರಶ್ನೆಯಾಗಿ ರೂಪುಗೊಂಡದ್ದು ಅರ್ಧ ಶತಮಾನದ ನಂತರ. 1880ರ ದಶಕದಿಂದ 1914ರವರೆಗಿನ ಅವಧಿಯಲ್ಲಿ ಕ್ಯಾಮೆರಾ ಕೈಗೆ ಬಂದಿತು, ಉಡುಪಿನೊಳಗೆ ಅಡಗಿತು, ನ್ಯಾಯಾಲಯದ ಮೆಟ್ಟಿಲೇರಿತು ಮತ್ತು ಸೆರೆಮನೆಯ ಅಂಗಳವನ್ನೂ ಪ್ರವೇಶಿಸಿತು. ಈ ಅವಧಿಯ ಕೆಲವು ಪ್ರಕರಣಗಳನ್ನು ಕೇಂದ್ರವಾಗಿಟ್ಟುಕೊಂಡು, ನಂತರದ ಕಲಾಚರಿತ್ರೆಯನ್ನೂ ಭಾರತದ ಕಾನೂನನ್ನೂ ಗಮನಿಸಿ, ಇಂತಹ ಚಿತ್ರಗಳನ್ನು ಇತಿಹಾಸದ ಆಕರಗಳಾಗಿ ಹೇಗೆ ಬಳಸಬೇಕು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಚಿತ್ರವನ್ನು ತೆಗೆಯುವುದು, ಅದನ್ನು ಇಟ್ಟುಕೊಳ್ಳುವುದು, ಅದನ್ನು ಹರಡುವುದು ಇವು ಮೂರು ಬೇರೆ ಬೇರೆ ಕ್ರಿಯೆಗಳು. ಇವನ್ನು ಒಂದೇ ಎಂದು ಭಾವಿಸಿದಾಗ ಚರ್ಚೆ ಗೊಂದಲಕ್ಕೊಳಗಾಗುತ್ತದೆ ಎಂಬುದು ಇಲ್ಲಿ ಮಂಡಿಸಲಾಗುವ ಮುಖ್ಯ ವಿಚಾರ.

ತಾಂತ್ರಿಕ ಹಿನ್ನೆಲೆ

ಛಾಯಾಗ್ರಹಣದ ಮೊದಲ ದಶಕಗಳಲ್ಲಿ ಚಿತ್ರ ತೆಗೆಸಿಕೊಳ್ಳುವವರ ಸಹಕಾರವಿಲ್ಲದೆ ಭಾವಚಿತ್ರ ಸಾಧ್ಯವಿರಲಿಲ್ಲ. ತಲೆ ಅಲುಗಾಡದಂತೆ ಹಿಂಬದಿಯಲ್ಲಿ ಕಬ್ಬಿಣದ ಆಧಾರವನ್ನು ನಿಲ್ಲಿಸುತ್ತಿದ್ದುದು ಅಂದಿನ ಸ್ಟುಡಿಯೋಗಳ ಸಾಮಾನ್ಯ ಪದ್ಧತಿ. ಹಸಿ ಫಲಕದ ವಿಧಾನದಲ್ಲಿ ಗಾಜಿಗೆ ರಾಸಾಯನಿಕ ಹಚ್ಚಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಾಗಿತ್ತು. ಕಪ್ಪು ಡೇರೆ, ಸೀಸೆಗಳು, ಮುಕ್ಕಾಲಿ ಇವುಗಳೊಂದಿಗೆ ಬರುವ ಛಾಯಾಗ್ರಾಹಕನು ಯಾರ ಕಣ್ಣಿಗೂ ಬೀಳದಿರುವುದು ಅಸಾಧ್ಯವಾಗಿತ್ತು. ಅಂದರೆ ಸಮ್ಮತಿಯನ್ನು ಕಾನೂನು ವಿಧಿಸಿರಲಿಲ್ಲವಾದರೂ ಯಂತ್ರವೇ ಅದನ್ನು ಅನಿವಾರ್ಯಗೊಳಿಸಿತ್ತು.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಎಂಬ ಇಂಗ್ಲಿಷ್ ವೈದ್ಯರು ಸೂಚಿಸಿದ ಜೆಲಟಿನ್ ಒಣ ಫಲಕವು ಈ ಸ್ಥಿತಿಯನ್ನು ಬದಲಿಸಿತು. ಮುಂದೆ ಇತರರು ಸುಧಾರಿಸಿದ ಈ ಫಲಕಗಳನ್ನು ಅಂಗಡಿಯಲ್ಲಿ ಕೊಂಡು, ಬೇಕೆಂದಾಗ ಬಳಸಿ, ನಿಧಾನವಾಗಿ ಸಂಸ್ಕರಿಸಬಹುದಾಗಿತ್ತು. ಬೆಳಕಿಗೆ ಒಡ್ಡಬೇಕಾದ ಕಾಲವು ಕ್ಷಣದ ಒಂದು ಭಾಗಕ್ಕೆ ಇಳಿಯಿತು. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ಅವರು ಅಮೆರಿಕದಲ್ಲಿ ಮಾರುಕಟ್ಟೆಗೆ ತಂದ ಕೊಡಾಕ್ ಕ್ಯಾಮೆರಾದಲ್ಲಿ 100 ಚಿತ್ರಗಳಿಗಾಗುವಷ್ಟು ಸುರುಳಿ ಇದ್ದು, ಅದರ ಬೆಲೆ 25 ಡಾಲರ್ ಆಗಿತ್ತು. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆ ಕೇವಲ ಒಂದು ಡಾಲರ್. ಇದೇ ಕಾಲದಲ್ಲಿ ಛಾಯಾಚಿತ್ರವನ್ನು ನೇರವಾಗಿ ಪತ್ರಿಕೆಯಲ್ಲಿ ಅಚ್ಚು ಮಾಡಬಲ್ಲ ಹಾಫ್‌ಟೋನ್ ವಿಧಾನವೂ ಬಳಕೆಗೆ ಬಂದಿತು. ಚಿತ್ರ ತೆಗೆಯುವ ಸಾಮರ್ಥ್ಯ ಮತ್ತು ಹರಡುವ ಸಾಮರ್ಥ್ಯ ಎರಡೂ ಒಟ್ಟಿಗೆ ಬೆಳೆದದ್ದು ಮುಂದಿನ ವಿವಾದಗಳಿಗೆ ಕಾರಣವಾಯಿತು.

ಅಡಗಿಸಿಡುವ ಕ್ಯಾಮೆರಾಗಳು ಈ ದಶಕದ ವಿಶೇಷ. ಟೋಪಿ, ಪುಸ್ತಕ, ಕೈಕೋಲು, ಪೊಟ್ಟಣಗಳ ರೂಪದಲ್ಲಿ ಕ್ಯಾಮೆರಾಗಳು ತಯಾರಾದವು. ಇವುಗಳಲ್ಲಿ ಹೆಚ್ಚು ಪ್ರಚಾರ ಪಡೆದದ್ದು ರಾಬರ್ಟ್ ಗ್ರೇ ಅವರು ರೂಪಿಸಿ, 1886ರಿಂದ ಸ್ಟಿರ್ನ್ ಸಂಸ್ಥೆ ತಯಾರಿಸಿದ ಚಪ್ಪಟೆಯಾದ ದುಂಡು ಕ್ಯಾಮೆರಾ. ಇದನ್ನು ಕೊರಳಿಗೆ ತೂಗುಹಾಕಿ ವೇಸ್ಟ್‌ಕೋಟಿನೊಳಗೆ ಇಟ್ಟುಕೊಂಡರೆ ಮಸೂರವು ಗುಂಡಿಯ ಕಾಜದಿಂದ ಹೊರಗೆ ಇಣುಕುತ್ತಿತ್ತು. ಒಳಗಿನ ವೃತ್ತಾಕಾರದ ಗಾಜಿನ ಫಲಕದ ಮೇಲೆ ಸುಮಾರು 4 ಸೆಂಟಿಮೀಟರ್ ವ್ಯಾಸದ ಆರು ಚಿತ್ರಗಳು ಮೂಡುತ್ತಿದ್ದವು.

ಬೀದಿಯಲ್ಲಿ ಗುಪ್ತ ಕ್ಯಾಮೆರಾ

ಸ್ಟಿರ್ನ್ ಕ್ಯಾಮೆರಾವನ್ನು ಬಳಸಿದವರಲ್ಲಿ ಕಾರ್ಲ್ ಸ್ಟೋರ್ಮರ್ (1874–1957) ಅವರ ಹೆಸರು ಮುಖ್ಯವಾದುದು. ಮುಂದೆ ಗಣಿತಜ್ಞರಾಗಿ, ಧ್ರುವಪ್ರಭೆಯ ಅಧ್ಯಯನಕ್ಕಾಗಿ ಪ್ರಸಿದ್ಧರಾದ ಇವರು 1893ರಲ್ಲಿ ನಾರ್ವೆಯ ರಾಜಧಾನಿಯಲ್ಲಿ ವಿದ್ಯಾರ್ಥಿಯಾಗಿದ್ದರು. ಇಂದು ಓಸ್ಲೋ ಎಂದು ಕರೆಯಲಾಗುವ ಆ ನಗರಕ್ಕೆ ಅಂದು ಕ್ರಿಸ್ತಿಯಾನಿಯಾ ಎಂಬ ಹೆಸರಿತ್ತು. ನಗರದ ಪ್ರಮುಖ ಬೀದಿಯಾದ ಕಾರ್ಲ್ ಯೋಹಾನ್‌ನಲ್ಲಿ ಸಂಚರಿಸುತ್ತ ಅವರು 1897ರವರೆಗೆ ಸುಮಾರು 500 ಚಿತ್ರಗಳನ್ನು ತೆಗೆದರು. ನಾಟಕಕಾರ ಹೆನ್ರಿಕ್ ಇಬ್ಸೆನ್ ಅವರೂ ಈ ಚಿತ್ರಗಳಲ್ಲಿ ಕಾಣಸಿಗುತ್ತಾರೆ. ಈ ಸಂಗ್ರಹವು ಬಹುಕಾಲ ಖಾಸಗಿಯಾಗಿಯೇ ಇದ್ದು, 1942ರ ಸುಮಾರಿಗೆ ಸ್ಟೋರ್ಮರ್ ಅವರೇ ಅದರ ಒಂದು ಭಾಗವನ್ನು ಪ್ರಕಟಿಸಿದರು.

ಈ ಚಿತ್ರಗಳ ವೈಶಿಷ್ಟ್ಯವು ಅವುಗಳಲ್ಲಿನ ಮುಖಭಾವದಲ್ಲಿದೆ. ಅದೇ ಕಾಲದ ಸ್ಟುಡಿಯೋ ಚಿತ್ರಗಳಲ್ಲಿ ಗಂಭೀರವಾಗಿ ಬಿಗಿದುಕೊಂಡು ಕುಳಿತ ಜನ ಇಲ್ಲಿ ನಗುತ್ತಾರೆ, ಟೋಪಿ ಎತ್ತಿ ವಂದಿಸುತ್ತಾರೆ, ಹೆಜ್ಜೆ ಹಾಕುತ್ತಾರೆ. ಆದುದರಿಂದ ಇವು ಆ ಕಾಲದ ಸಹಜ ಜೀವನದ ನೇರ ದಾಖಲೆ ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಈ ಅಭಿಪ್ರಾಯವನ್ನು ಸ್ವಲ್ಪ ತಿದ್ದಬೇಕಾಗುತ್ತದೆ. ಇಲ್ಲಿ ಕ್ಯಾಮೆರಾ ಅಡಗಿತ್ತೇ ಹೊರತು ಕ್ಯಾಮೆರಾ ಹೊತ್ತವರು ಅಡಗಿರಲಿಲ್ಲ. ಸ್ಟೋರ್ಮರ್ ಅವರು ಎದುರಿಗೆ ಬಂದವರಿಗೆ ವಂದಿಸಿ, ಅವರು ಪ್ರತಿವಂದಿಸುವ ಕ್ಷಣದಲ್ಲಿ ದಾರವನ್ನು ಎಳೆಯುತ್ತಿದ್ದರು. ಹಾಗಾಗಿ ಚಿತ್ರದಲ್ಲಿರುವ ನಗೆಯು ಪರಿಚಿತ ಯುವಕನೊಬ್ಬನ ವಂದನೆಗೆ ಬಂದ ಉತ್ತರ. ಕೆಳಗಿನಿಂದ ನೋಡುವ ಕೋನವೂ ದುಂಡು ಚೌಕಟ್ಟೂ ಕ್ಯಾಮೆರಾದ ರಚನೆಯಿಂದ ಬಂದವು. ಚಿತ್ರಕ್ಕೆ ಸಿಕ್ಕವರು ಬಹುಮಟ್ಟಿಗೆ ಆ ಬೀದಿಯಲ್ಲಿ ವಿಹರಿಸುತ್ತಿದ್ದ ಸುಸಂಪನ್ನ ವರ್ಗದವರು. ಗುಪ್ತವಾಗಿ ತೆಗೆದುದೆಂಬ ಕಾರಣದಿಂದಲೇ ಚಿತ್ರವು ನಿಷ್ಪಕ್ಷಪಾತವಾಗುವುದಿಲ್ಲ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಇದಕ್ಕೆ ಭಿನ್ನವಾದ ವರ್ಗವನ್ನು ಚಿತ್ರಿಸಿದವರು ಲಂಡನ್ನಿನ ಪಾಲ್ ಮಾರ್ಟಿನ್ (1864–1944). ಇವರು ವೃತ್ತಿಯಿಂದ ಮರದಚ್ಚು ಕೆತ್ತುವವರು. ಹಾಫ್‌ಟೋನ್ ಮುದ್ರಣ ಬಂದು ಪತ್ರಿಕೆಗಳಿಗೆ ಮರದಚ್ಚು ಬೇಡವಾದಾಗ ತಮ್ಮ ಕಸುಬನ್ನು ಕಳೆದುಕೊಂಡ ವರ್ಗಕ್ಕೆ ಸೇರಿದವರು. 1892ರ ಹೊತ್ತಿಗೆ ಅವರು ಪೊಟ್ಟಣದಂತೆ ಕಂಕುಳಲ್ಲಿ ಇಟ್ಟುಕೊಳ್ಳಬಹುದಾದ ‘ಫೆಸೈಲ್’ ಎಂಬ ಕ್ಯಾಮೆರಾವನ್ನು ಬಳಸಿ ಮೀನುಪೇಟೆಯ ಹಮಾಲರು, ಬೀದಿ ವ್ಯಾಪಾರಿಗಳು, ಆಟವಾಡುವ ಮಕ್ಕಳು, ಕಡಲತೀರದ ವಿಹಾರಿಗಳು ಇವರ ಚಿತ್ರಗಳನ್ನು ತೆಗೆದರು. ಸ್ಟುಡಿಯೋಗೆ ಹೋಗುವ ಅನುಕೂಲ ಕಡಿಮೆಯಿದ್ದ ಶ್ರಮಿಕರ ದುಡಿಮೆಯ ಭಂಗಿ, ಉಡುಪು, ಸಲಕರಣೆಗಳು ಈ ಚಿತ್ರಗಳಿಂದ ತಿಳಿದುಬರುತ್ತವೆ. ಆದರೆ ತಮ್ಮ ಚಿತ್ರ ಉಳಿಯಬೇಕೇ ಬೇಡವೇ ಎಂದು ಹೇಳುವ ಅವಕಾಶ ಅವರಿಗೆ ಇರಲಿಲ್ಲ. ಸಾಮಾಜಿಕ ಇತಿಹಾಸಕಾರನಿಗೆ ದೊರೆತ ಲಾಭ ಮತ್ತು ಚಿತ್ರಕ್ಕೆ ಸಿಕ್ಕವರಿಗೆ ಆದ ನಷ್ಟ ಒಂದೇ ಮೂಲದಿಂದ ಬಂದಿವೆ.

ನ್ಯಾಯಾಲಯದಲ್ಲಿ ಛಾಯಾಚಿತ್ರ

1890ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಮಂದಿರದಲ್ಲಿ ಮೇರಿಯನ್ ಮನೋಲಾ ಎಂಬ ನಟಿಯು ಪಾತ್ರಕ್ಕೆ ಬೇಕಾದ ಬಿಗಿಯುಡುಪಿನಲ್ಲಿ ರಂಗದ ಮೇಲಿದ್ದಾಗ, ಪ್ರೇಕ್ಷಕರ ಆಸನದಿಂದ ಫ್ಲ್ಯಾಷ್ ಬೆಳಕಿನಲ್ಲಿ ಆಕೆಯ ಚಿತ್ರವನ್ನು ತೆಗೆಯಲಾಯಿತು. ಆಕೆ ನ್ಯಾಯಾಲಯದ ಮೊರೆಹೋಗಿ ಚಿತ್ರದ ಬಳಕೆಗೆ ತಡೆಯಾಜ್ಞೆ ಪಡೆದರು. ಅದೇ ವರ್ಷ ಡಿಸೆಂಬರಿನಲ್ಲಿ ಸ್ಯಾಮ್ಯುಯಲ್ ವಾರನ್ ಮತ್ತು ಲೂಯಿಸ್ ಬ್ರಾಂಡೈಸ್ ಅವರು ಹಾರ್ವರ್ಡ್ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಪ್ರಕಟಿಸಿದ ಪ್ರಸಿದ್ಧ ಪ್ರಬಂಧದಲ್ಲಿ ಈ ಪ್ರಕರಣವನ್ನು ಉಲ್ಲೇಖಿಸಿದರು. ಅವರ ವಾದದ ಒಂದು ಅಂಶವು ತಾಂತ್ರಿಕ ಇತಿಹಾಸಕ್ಕೆ ನೇರವಾಗಿ ಸಂಬಂಧಿಸಿದೆ. ಚಿತ್ರ ತೆಗೆಸಿಕೊಳ್ಳಲು ವ್ಯಕ್ತಿಯು ತಾನೇ ಬಂದು ಕುಳಿತುಕೊಳ್ಳಬೇಕಾಗಿದ್ದ ಕಾಲದಲ್ಲಿ, ಛಾಯಾಗ್ರಾಹಕನು ಚಿತ್ರವನ್ನು ದುರುಪಯೋಗಪಡಿಸಿದರೆ ಕರಾರಿನ ಉಲ್ಲಂಘನೆಯೆಂದು ಪ್ರಶ್ನಿಸಬಹುದಾಗಿತ್ತು. ಗುಪ್ತವಾಗಿ ಚಿತ್ರ ತೆಗೆಯುವುದು ಸಾಧ್ಯವಾದ ಮೇಲೆ ಇಬ್ಬರ ನಡುವೆ ಕರಾರು ಎಂಬುದೇ ಇರುವುದಿಲ್ಲ. ಆದುದರಿಂದ ಕಾನೂನಿಗೆ ಹೊಸ ಆಧಾರ ಬೇಕು ಎಂಬುದು ಅವರ ತರ್ಕ.

ಆದರೆ ನ್ಯಾಯಾಲಯಗಳು ಇದನ್ನು ಕೂಡಲೇ ಒಪ್ಪಲಿಲ್ಲ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದ ಯುವತಿಯೊಬ್ಬಳ ಚಿತ್ರವನ್ನು ಆಕೆಯ ಅನುಮತಿಯಿಲ್ಲದೆ ಹಿಟ್ಟಿನ ಜಾಹೀರಾತಿಗೆ ಬಳಸಿ ಸುಮಾರು 25,000 ಪ್ರತಿಗಳನ್ನು ಮುದ್ರಿಸಿ ಅಂಗಡಿಗಳಲ್ಲಿ ತೂಗುಹಾಕಲಾಗಿತ್ತು. 1902ರಲ್ಲಿ ಆ ರಾಜ್ಯದ ಅತ್ಯುಚ್ಚ ನ್ಯಾಯಾಲಯವು ಇಂತಹ ಹಕ್ಕು ಕಾನೂನಿನಲ್ಲಿ ಇಲ್ಲವೆಂದು ನಾಲ್ಕು–ಮೂರರ ಬಹುಮತದಿಂದ ತೀರ್ಪಿತ್ತಿತು. ಸಾರ್ವಜನಿಕರ ಅಸಮಾಧಾನದ ಪರಿಣಾಮವಾಗಿ 1903ರಲ್ಲಿ ಆ ರಾಜ್ಯದ ಶಾಸಕಾಂಗವೇ, ವ್ಯಾಪಾರದ ಉದ್ದೇಶಕ್ಕೆ ವ್ಯಕ್ತಿಯ ಹೆಸರನ್ನಾಗಲಿ ಚಿತ್ರವನ್ನಾಗಲಿ ಲಿಖಿತ ಸಮ್ಮತಿಯಿಲ್ಲದೆ ಬಳಸಬಾರದೆಂಬ ಕಾನೂನನ್ನು ಮಾಡಿತು. 1905ರಲ್ಲಿ ಜಾರ್ಜಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ವಿಮಾ ಜಾಹೀರಾತಿನ ಪ್ರಕರಣವೊಂದರಲ್ಲಿ ಖಾಸಗಿತನದ ಹಕ್ಕನ್ನು ನೇರವಾಗಿ ಮಾನ್ಯ ಮಾಡಿತು. ಈ ಎರಡೂ ಕಡೆ ಕಾನೂನು ತಡೆದದ್ದು ಚಿತ್ರದ ವ್ಯಾಪಾರಿ ಬಳಕೆಯನ್ನೇ ಹೊರತು ಅದನ್ನು ತೆಗೆಯುವ ಕ್ರಿಯೆಯನ್ನಲ್ಲ ಎಂಬುದು ಗಮನಾರ್ಹ.

ಜರ್ಮನಿಯಲ್ಲಿ ಈ ಪ್ರಶ್ನೆ ಮರಣಶಯ್ಯೆಯ ಚಿತ್ರದಿಂದ ಹುಟ್ಟಿತು. 1898ರ ಜುಲೈ 30ರಂದು ಬಿಸ್ಮಾರ್ಕ್ ನಿಧನರಾದರು. ಅದೇ ರಾತ್ರಿ ಹ್ಯಾಂಬರ್ಗಿನ ಇಬ್ಬರು ಛಾಯಾಗ್ರಾಹಕರು ಅವರ ಮನೆಯೊಳಗೆ ನುಸುಳಿ ಫ್ಲ್ಯಾಷ್ ಬೆಳಕಿನಲ್ಲಿ ಮೃತದೇಹದ ಚಿತ್ರ ತೆಗೆದು ಮಾರಲು ಯತ್ನಿಸಿದರು. ಕುಟುಂಬದವರು ದಾವೆ ಹೂಡಿದಾಗ, ವ್ಯಕ್ತಿಯ ಚಿತ್ರವನ್ನು ರಕ್ಷಿಸುವ ನಿಯಮವಿಲ್ಲದ ಕಾರಣ, ಉಚ್ಚ ನ್ಯಾಯಾಲಯವು 1899ರಲ್ಲಿ ಮನೆಗೆ ಅತಿಕ್ರಮವಾಗಿ ಪ್ರವೇಶಿಸಿದ ಆಧಾರದ ಮೇಲೆ ಚಿತ್ರವನ್ನು ತಡೆಯಬೇಕಾಯಿತು. ಈ ಕೊರತೆಯನ್ನು ತುಂಬಲು 1907ರ ಜನವರಿಯ ಕಾನೂನಿನಲ್ಲಿ, ವ್ಯಕ್ತಿಯ ಚಿತ್ರವನ್ನು ಆತನ ಸಮ್ಮತಿಯಿಲ್ಲದೆ ಹರಡುವಂತಿಲ್ಲ, ಸಾರ್ವಜನಿಕವಾಗಿ ಪ್ರದರ್ಶಿಸುವಂತಿಲ್ಲ ಎಂಬ ನಿಯಮವನ್ನು ಸೇರಿಸಲಾಯಿತು. ಸಮಕಾಲೀನ ಇತಿಹಾಸದ ವ್ಯಕ್ತಿಗಳಿಗೂ ಸಭೆ ಮೆರವಣಿಗೆಗಳ ಚಿತ್ರಗಳಿಗೂ ವಿನಾಯಿತಿ ನೀಡಲಾಯಿತು. ಅದಕ್ಕಿಂತ ಮುಖ್ಯವಾಗಿ, ನ್ಯಾಯಾಡಳಿತ ಮತ್ತು ಸಾರ್ವಜನಿಕ ಸುರಕ್ಷತೆಗಾಗಿ ಅಧಿಕಾರಿಗಳು ಚಿತ್ರವನ್ನು ಸಮ್ಮತಿಯಿಲ್ಲದೆಯೇ ಬಳಸಬಹುದೆಂಬ ವಿಧಿಯೂ ಅದರಲ್ಲಿತ್ತು. ಖಾಸಗಿ ವ್ಯಕ್ತಿಗಳಿಗೆ ಹಾಕಿದ ಕಡಿವಾಣವನ್ನು ಪ್ರಭುತ್ವವು ತನಗೆ ಹಾಕಿಕೊಳ್ಳಲಿಲ್ಲ.

ಸೆರೆಮನೆಯ ಅಂಗಳದಲ್ಲಿ

ಪ್ರಭುತ್ವದ ಕೈಯಲ್ಲಿ ಗುಪ್ತ ಕ್ಯಾಮೆರಾ ಹೇಗೆ ಕೆಲಸ ಮಾಡಿತು ಎಂಬುದಕ್ಕೆ ಬ್ರಿಟನ್ನಿನ ಮಹಿಳಾ ಮತಾಧಿಕಾರ ಚಳವಳಿಯ ಇತಿಹಾಸದಲ್ಲಿ ಸ್ಪಷ್ಟ ಆಧಾರವಿದೆ. ಶಿಕ್ಷಿತ ಕೈದಿಗಳ ಛಾಯಾಚಿತ್ರಗಳನ್ನು ತೆಗೆದಿಡುವ ಪದ್ಧತಿಗೆ ಅಲ್ಲಿ 1871ರ ಅಪರಾಧ ತಡೆ ಕಾಯಿದೆಯಷ್ಟು ಹಿಂದೆಯೇ ಆಧಾರವಿತ್ತು. ತಮ್ಮನ್ನು ರಾಜಕೀಯ ಕೈದಿಗಳೆಂದು ಪರಿಗಣಿಸಬೇಕೆಂದು ಒತ್ತಾಯಿಸುತ್ತಿದ್ದ ಹೋರಾಟಗಾರ್ತಿಯರು ಇದನ್ನು ವಿರೋಧಿಸಿ, ಕ್ಯಾಮೆರಾದ ಮುಂದೆ ಮುಖ ತಿರುಗಿಸುತ್ತಿದ್ದರು, ಕಣ್ಣು ಮುಚ್ಚಿ ಮುಖ ಕಿವುಚುತ್ತಿದ್ದರು. 1913ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಕಲಾಶಾಲೆಯ ಚಿತ್ರಗಳ ಗಾಜುಗಳನ್ನು ಒಡೆದ ಆರೋಪಕ್ಕೆ ಒಳಗಾದ ಎವೆಲಿನ್ ಮನೆಸ್ಟಾ ಅವರ ಪ್ರಕರಣದಲ್ಲಿ, ಸಿಬ್ಬಂದಿಯೊಬ್ಬರು ಕುತ್ತಿಗೆಯ ಸುತ್ತ ತೋಳು ಬಳಸಿ ಹಿಡಿದು ಚಿತ್ರ ತೆಗೆಸಬೇಕಾಯಿತು. ಪೊಲೀಸರು ಹಂಚಿದ ಪ್ರತಿಯಲ್ಲಿ ಆ ತೋಳನ್ನು ಅಳಿಸಿ, ಅದು ಕತ್ತಿನ ವಸ್ತ್ರವೆಂಬಂತೆ ತಿದ್ದಲಾಯಿತು. ಬಲಪ್ರಯೋಗದ ಗುರುತನ್ನು ಚಿತ್ರದಿಂದ ತೆಗೆದುಹಾಕಿದ ಈ ತಿದ್ದುಪಡಿಯು ಮೂಲ ಪ್ರತಿಯೂ ಉಳಿದಿರುವುದರಿಂದಲೇ ಇಂದು ಪತ್ತೆಯಾಗುತ್ತದೆ.

1913ರಲ್ಲಿ ಜಾರಿಗೆ ಬಂದ ಕಾಯಿದೆಯೊಂದು ಉಪವಾಸ ಹೂಡಿ ನಿತ್ರಾಣರಾದ ಕೈದಿಗಳನ್ನು ತಾತ್ಕಾಲಿಕವಾಗಿ ಬಿಡುಗಡೆ ಮಾಡಿ, ಚೇತರಿಸಿಕೊಂಡ ಮೇಲೆ ಮತ್ತೆ ಬಂಧಿಸಲು ಅವಕಾಶ ಕಲ್ಪಿಸಿತು. ಜನರು ಇದನ್ನು ಬೆಕ್ಕು–ಇಲಿಯ ಕಾಯಿದೆ ಎಂದೇ ಕರೆದರು. ಹೊರಹೋದವರನ್ನು ಮತ್ತೆ ಗುರುತಿಸಬೇಕಾದರೆ ಸ್ಪಷ್ಟ ಚಿತ್ರಗಳು ಅಗತ್ಯವಾಗಿದ್ದವು. ಬಲಪ್ರಯೋಗದಿಂದ ತೆಗೆದ ಚಿತ್ರಗಳು ಗುರುತಿಗೆ ಉಪಯುಕ್ತವಾಗಿರಲಿಲ್ಲ. ಆಗ ಲಂಡನ್ನಿನ ಹಾಲೊವೇ ಸೆರೆಮನೆಯ ಅಂಗಳದಲ್ಲಿ ನಿಂತ ಬಂಡಿಯೊಂದರೊಳಗೆ ಛಾಯಾಗ್ರಾಹಕರನ್ನು ಕೂರಿಸಿ, ದೂರದ ವಸ್ತುಗಳನ್ನು ಹತ್ತಿರ ತೋರಿಸುವ ಮಸೂರದ ನೆರವಿನಿಂದ, ವ್ಯಾಯಾಮಕ್ಕಾಗಿ ಅಂಗಳದಲ್ಲಿ ಸುತ್ತುತ್ತಿದ್ದ ಹೋರಾಟಗಾರ್ತಿಯರ ಚಿತ್ರಗಳನ್ನು ಅವರಿಗೆ ತಿಳಿಯದಂತೆ ತೆಗೆಸಲಾಯಿತು. 1914ರಲ್ಲಿ ಲಂಡನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿ ವೆಲಾಸ್ಕೆಸ್‌ನ ಚಿತ್ರವೊಂದನ್ನು ಮೇರಿ ರಿಚರ್ಡ್‌ಸನ್ ಕತ್ತರಿಸಿದ ಅವಧಿಯಲ್ಲಿ ಇಂತಹ ಚಿತ್ರಗಳ ಪಟ್ಟಿಗಳನ್ನು ವಸ್ತುಸಂಗ್ರಹಾಲಯಗಳ ಕಾವಲುಗಾರರಿಗೆ ಹಂಚಲಾಗಿತ್ತು.

ಈ ಪ್ರಕರಣವನ್ನು ಕ್ರಿಸ್ತಿಯಾನಿಯಾದ ಚಿತ್ರಗಳೊಂದಿಗೆ ಹೋಲಿಸಿದರೆ ಅರಿವಿಲ್ಲದಿರುವಿಕೆಯಲ್ಲಿಯೂ ತರತಮಗಳಿವೆ ಎಂಬುದು ಸ್ಪಷ್ಟವಾಗುತ್ತದೆ. ಸ್ಟೋರ್ಮರ್ ಅವರ ಕ್ಯಾಮೆರಾಕ್ಕೆ ಸಿಕ್ಕವರು ಬೀದಿ ಬಿಟ್ಟು ಹೋಗಬಲ್ಲವರಾಗಿದ್ದರು. ಹಾಲೊವೇಯ ಅಂಗಳದಲ್ಲಿದ್ದವರಿಗೆ ಆ ಸ್ವಾತಂತ್ರ್ಯವಿರಲಿಲ್ಲ. ಮೇಲಾಗಿ ಅವರು ಚಿತ್ರ ಬೇಡವೆಂದು ಮೊದಲೇ ತಮ್ಮ ಮುಖಗಳ ಮೂಲಕ ಹೇಳಿದ್ದರು. ಆದುದರಿಂದ ಇಲ್ಲಿ ನಡೆದದ್ದು ಸಮ್ಮತಿಯ ಅಭಾವ ಮಾತ್ರವಲ್ಲ, ವ್ಯಕ್ತಪಡಿಸಿದ ನಿರಾಕರಣೆಯ ಉಲ್ಲಂಘನೆ.

ಕಲೆಯ ಸಮರ್ಥನೆ

ಇಪ್ಪತ್ತನೆಯ ಶತಮಾನದಲ್ಲಿ ಗುಪ್ತ ಛಾಯಾಗ್ರಹಣವು ಕಲೆಯ ಹೆಸರಿನಲ್ಲಿ ಸಮರ್ಥನೆ ಪಡೆಯಿತು. ಪಾಲ್ ಸ್ಟ್ರಾಂಡ್ ಅವರು 1916ರಲ್ಲಿ ತಮ್ಮ ಕ್ಯಾಮೆರಾಕ್ಕೆ ಹುಸಿ ಮಸೂರವೊಂದನ್ನು ಜೋಡಿಸಿ, ಬೇರೊಂದು ದಿಕ್ಕಿಗೆ ನೋಡುತ್ತಿರುವಂತೆ ತೋರಿಸುತ್ತ ನ್ಯೂಯಾರ್ಕಿನ ಬಡವರ ಚಿತ್ರಗಳನ್ನು ತೆಗೆದರು. ಇವುಗಳಲ್ಲಿ ಅಂಧ ಮಹಿಳೆಯೊಬ್ಬರ ಚಿತ್ರ ಜಗತ್ಪ್ರಸಿದ್ಧವಾಯಿತು. ಆಕೆಯ ಎದೆಯ ಮೇಲೆ ತಾನು ಅಂಧಳೆಂಬ ಫಲಕವೂ ನಗರಾಡಳಿತ ನೀಡಿದ ಪರವಾನಗಿಯ ಬಿಲ್ಲೆಯೂ ಇವೆ. ನೋಡುವ ಶಕ್ತಿಯಿಲ್ಲದವರ ವಿಷಯದಲ್ಲಿ ಹುಸಿ ಮಸೂರದ ಅಗತ್ಯವೇ ಇರಲಿಲ್ಲ ಎಂಬುದನ್ನು ನೆನೆದಾಗ ಈ ಚಿತ್ರ ಎತ್ತುವ ಪ್ರಶ್ನೆ ಇನ್ನಷ್ಟು ತೀವ್ರವಾಗುತ್ತದೆ.

ವಾಕರ್ ಎವಾನ್ಸ್ ಅವರು 1938ರಿಂದ 1941ರವರೆಗೆ ನ್ಯೂಯಾರ್ಕಿನ ಸುರಂಗ ರೈಲಿನಲ್ಲಿ, ಕೋಟಿನೊಳಗೆ 35 ಮಿಲಿಮೀಟರ್ ಕ್ಯಾಮೆರಾವನ್ನು ಅಡಗಿಸಿ, ತೋಳಿನೊಳಗೆ ಹಾಯಿಸಿದ ತಂತಿಯಿಂದ ಷಟರ್ ಒತ್ತಿ, ಎದುರಿಗೆ ಕುಳಿತ ಪ್ರಯಾಣಿಕರ ಚಿತ್ರಗಳನ್ನು ತೆಗೆದರು. ಅವುಗಳಲ್ಲಿ 89 ಚಿತ್ರಗಳ ಪುಸ್ತಕ ಪ್ರಕಟವಾದದ್ದು 1966ರಲ್ಲಿ. ಕಾಲು ಶತಮಾನದ ಈ ಅಂತರ ಮತ್ತು ಸ್ಟೋರ್ಮರ್ ಅವರ ಸಂಗ್ರಹವು ಸುಮಾರು 45 ವರ್ಷಗಳ ಕಾಲ ಖಾಸಗಿಯಾಗಿ ಉಳಿದದ್ದು ಇವನ್ನು ಒಟ್ಟಿಗೆ ಗಮನಿಸಬೇಕು. ಕಾರಣಗಳು ಏನೇ ಇರಲಿ, ಕಾಲದ ಅಂತರವು ಚಿತ್ರದಲ್ಲಿರುವವರಿಗೆ ಒಂದು ಬಗೆಯ ರಕ್ಷಣೆಯನ್ನು ಒದಗಿಸಿತು. ತೆಗೆದ ಕ್ಷಣದಲ್ಲಿಯೇ ಹರಡಬಲ್ಲ ಇಂದಿನ ಮೊಬೈಲ್ ಕ್ಯಾಮೆರಾದ ಕಾಲದಲ್ಲಿ ಆ ರಕ್ಷಣೆ ಉಳಿದಿಲ್ಲ.

ಭಾರತದ ಸಂದರ್ಭ

ವಸಾಹತು ಭಾರತದಲ್ಲಿ ಕ್ಯಾಮೆರಾ ಅಡಗಿಕೊಳ್ಳುವ ಅಗತ್ಯ ಅಷ್ಟಾಗಿ ಇರಲಿಲ್ಲ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟವಾದ ‘ದಿ ಪೀಪಲ್ ಆಫ್ ಇಂಡಿಯಾ’ದಲ್ಲಿ ವಿವಿಧ ಸಮುದಾಯಗಳ ಜನರನ್ನು ಎದುರಿಗೆ ನಿಲ್ಲಿಸಿ ಚಿತ್ರ ತೆಗೆಯಲಾಗಿದೆ. ನಮ್ಮ ನಾಡಿಗೆ ಸಂಬಂಧಿಸಿದಂತೆ 1928ರಿಂದ 1935ರ ಅವಧಿಯಲ್ಲಿ ಪ್ರಕಟವಾದ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳನ್ನು ಕುರಿತ ಸಂಪುಟಗಳಲ್ಲಿಯೂ ಛಾಯಾಚಿತ್ರಗಳಿವೆ. ಇಂತಹ ಚಿತ್ರಗಳಲ್ಲಿರುವವರಿಗೆ ಕ್ಯಾಮೆರಾ ಕಾಣುತ್ತಿತ್ತು. ಆದರೆ ತಮ್ಮ ಚಿತ್ರವು ಯಾವ ಗ್ರಂಥದಲ್ಲಿ, ಯಾವ ಶೀರ್ಷಿಕೆಯಡಿಯಲ್ಲಿ, ಯಾರ ಓದಿಗಾಗಿ ಸೇರಲಿದೆ ಎಂಬುದನ್ನು ಅವರು ಎಷ್ಟರಮಟ್ಟಿಗೆ ಬಲ್ಲವರಾಗಿದ್ದರು ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು. ತೆಗೆಯುವುದರ ಅರಿವಿದ್ದೂ ಬಳಕೆಯ ಅರಿವಿಲ್ಲದ ಸ್ಥಿತಿ ಇದು. 1920ರ ಕೈದಿಗಳ ಗುರುತಿಸುವಿಕೆ ಕಾಯಿದೆಯು ಚಿತ್ರ ತೆಗೆಯುವುದನ್ನು ವಿರೋಧಿಸಿದವರ ಮೇಲೆ ಅಗತ್ಯವಾದ ಕ್ರಮ ಕೈಗೊಳ್ಳಲು ಅನುಮತಿಸಿತು. ಅದರ ಸ್ಥಾನದಲ್ಲಿ 2022ರಲ್ಲಿ ಇನ್ನೂ ವ್ಯಾಪಕವಾದ ಕಾಯಿದೆ ಬಂದಿದೆ.

ಸ್ವತಂತ್ರ ಭಾರತದಲ್ಲಿ 1962ರ ಖರಕ್ ಸಿಂಗ್ ಪ್ರಕರಣದ ಬಹುಮತದ ತೀರ್ಪು ಖಾಸಗಿತನವನ್ನು ಸಂವಿಧಾನವು ಖಾತರಿಪಡಿಸಿದ ಹಕ್ಕೆಂದು ಒಪ್ಪಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಸಂಬಂಧದಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಘೋಷಿಸಿತು. ಕೈಕ್ಯಾಮೆರಾದ ಹಾವಳಿಯ ಹಿನ್ನೆಲೆಯಲ್ಲಿ ರಚಿತವಾದ 1890ರ ಆ ಪ್ರಬಂಧವು ಈ ತೀರ್ಪಿನಲ್ಲಿಯೂ ಚರ್ಚಿತವಾಗಿದೆ. ಇದಕ್ಕೂ ಮೊದಲು 2013ರಲ್ಲಿ, ಖಾಸಗಿ ಸ್ಥಿತಿಯಲ್ಲಿರುವ ಮಹಿಳೆಯ ಚಿತ್ರ ತೆಗೆಯುವುದನ್ನು ದಂಡಸಂಹಿತೆಯ 354ಸಿ ವಿಧಿಯು ಪ್ರತ್ಯೇಕ ಅಪರಾಧವನ್ನಾಗಿಸಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 77ನೆಯ ವಿಧಿಯಲ್ಲಿ ಇದು ಮುಂದುವರಿದಿದೆ. ಚಿತ್ರ ತೆಗೆಯಲು ಒಪ್ಪಿದ್ದರೂ ಅದನ್ನು ಇತರರಿಗೆ ಹರಡಲು ಒಪ್ಪಿರದಿದ್ದರೆ ಹರಡುವುದು ಅಪರಾಧವೇ ಎಂದು ಈ ವಿಧಿಯ ವಿವರಣೆ ಹೇಳುತ್ತದೆ. ತೆಗೆಯುವ ಸಮ್ಮತಿ ಬೇರೆ, ಹರಡುವ ಸಮ್ಮತಿ ಬೇರೆ ಎಂಬ ತಿಳಿವಳಿಕೆ ಇಲ್ಲಿ ಕಾನೂನಿನ ರೂಪ ಪಡೆದಿದೆ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಗುಪ್ತ ಛಾಯಾಗ್ರಹಣವನ್ನು ಕುರಿತ ಆರಂಭಿಕ ಕಾನೂನುಗಳು ಮುಖ್ಯವಾಗಿ ಚಿತ್ರದ ಬಳಕೆಯನ್ನು ನಿಯಂತ್ರಿಸಿದವು. ತೆಗೆಯುವ ಕ್ರಿಯೆಯೇ ತಪ್ಪಾಗಬಹುದೆಂಬ ವಿಚಾರ ತಡವಾಗಿ ಬಂದಿತು. ಚಿತ್ರವನ್ನು ಇಟ್ಟುಕೊಳ್ಳುವ ವಿಷಯದಲ್ಲಿ, ವಿಶೇಷವಾಗಿ ಪ್ರಭುತ್ವವು ಇಟ್ಟುಕೊಳ್ಳುವ ವಿಷಯದಲ್ಲಿ, ಚರ್ಚೆ ಇನ್ನೂ ಮುಗಿದಿಲ್ಲ.

ಈ ಮೂರನೆಯ ಅಂಶವು ಪತ್ರಾಗಾರ ಮತ್ತು ಗ್ರಂಥಾಲಯಗಳಿಗೆ ನೇರವಾಗಿ ಸಂಬಂಧಿಸಿದ್ದು. ಹಳೆಯ ಚಿತ್ರಸಂಗ್ರಹಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ತೆರೆದಿಡುವಾಗ, ಎಂದೋ ತೆಗೆದ ಚಿತ್ರವನ್ನು ಹರಡುವವರು ನಾವೇ ಆಗುತ್ತೇವೆ. ಇಂತಹ ಚಿತ್ರಗಳನ್ನು ಮುಚ್ಚಿಡಬೇಕೆಂಬುದು ಇದರ ಅರ್ಥವಲ್ಲ. ಹಾಲೊವೇಯ ಚಿತ್ರಗಳನ್ನು 2003ರಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರವು ಬೆಳಕಿಗೆ ತಂದುದರಿಂದಲೇ ಪೊಲೀಸರ ಕಣ್ಗಾವಲಿನ ಇತಿಹಾಸ ಜನಸಾಮಾನ್ಯರಿಗೆ ತಿಳಿಯಿತು. ಅಪರಾಧಿಗಳೆಂದು ಗುರುತಿಸಲು ತೆಗೆದ ಚಿತ್ರಗಳು ಇಂದು ಹೋರಾಟಗಾರ್ತಿಯರನ್ನು ಗೌರವದಿಂದ ನೆನೆಯಲು ಬಳಕೆಯಾಗುತ್ತಿವೆ. ಅಗತ್ಯವಾದುದು ಸೂಚಿಯಲ್ಲಿ ಸ್ಪಷ್ಟತೆ. ಚಿತ್ರದ ಸ್ಥಳ, ದಿನಾಂಕ, ಗಾತ್ರಗಳ ಜೊತೆಗೆ, ಅದನ್ನು ಯಾರು ಯಾವ ಉದ್ದೇಶಕ್ಕೆ ತೆಗೆದರು, ಚಿತ್ರದಲ್ಲಿರುವವರಿಗೆ ಅದರ ಅರಿವಿತ್ತೇ, ಅವರು ವಿರೋಧಿಸಿದ್ದರೇ, ಚಿತ್ರವು ಮೊದಲು ಎಂದು ಸಾರ್ವಜನಿಕವಾಯಿತು ಎಂಬ ವಿವರಗಳನ್ನು ತಿಳಿದಮಟ್ಟಿಗೆ ದಾಖಲಿಸಬೇಕು. ತಿದ್ದಿದ ಪ್ರತಿ ಮತ್ತು ಮೂಲ ಪ್ರತಿ ಎರಡೂ ಇದ್ದಲ್ಲಿ ಎರಡನ್ನೂ ಒಟ್ಟಿಗೆ ಇಡಬೇಕು. ಮನೆಸ್ಟಾ ಅವರ ಚಿತ್ರದಲ್ಲಿ ಅಳಿಸಿಹೋದ ತೋಳು ಮೂಲ ಪ್ರತಿಯಲ್ಲಿ ಉಳಿದಿರದಿದ್ದರೆ, ಆಕೆ ತಾನಾಗಿಯೇ ಕ್ಯಾಮೆರಾದ ಮುಂದೆ ನಿಂತಿದ್ದರೆಂದೇ ಇತಿಹಾಸಕಾರರು ಬರೆಯುವ ಸಂಭವವಿತ್ತು.